ಮರಳಿನ ಮೇಲಿನ ಕೊಕ್ಕೆ

ಕಲಬುರಗಿಯಲ್ಲಿದ್ದುಕೊಂಡು ಗಾಲ್ಫ್ ಆಡುತ್ತೇನೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಎಲ್ಲಿ ಎಂದು ಕೇಳುತ್ತಾರೆ. ಕೇಳುವುದು ನ್ಯಾಯವೇ. ಏಪ್ರಿಲ್‌ನಲ್ಲಿ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವ ಊರಿನಲ್ಲಿ ಆ ಆಟಕ್ಕೆ ಬೇಕಾದ ಹುಲ್ಲನ್ನು ಯಾರು ಬೆಳೆಸಬೇಕು? ಕಮಲಾಪುರದ ಹತ್ತಿರ ಒಂದು ಹೊಲದಲ್ಲಿ, ಹುಲ್ಲಿಲ್ಲದೆ, ಮರಳಿನ ಮೇಲೆ ಆಡುತ್ತೇವೆ ಎಂದು ಹೇಳಿದರೆ ಅವರು ಮಾತು ಬದಲಿಸುತ್ತಾರೆ. ನನ್ನ ಹೆಂಡತಿಯಂತೂ ಅದನ್ನು ಆಟ ಎಂದು ಒಪ್ಪಿದವಳೇ ಅಲ್ಲ. ಅರವತ್ತರ ಹತ್ತಿರ ಬಂದ ಇಬ್ಬರು ಗಂಡಸರು ಭಾನುವಾರದ ಮನೆಗೆಲಸ ತಪ್ಪಿಸಿಕೊಳ್ಳಲು ಮಾಡಿಕೊಂಡ ಏರ್ಪಾಡು ಅದು ಎಂದು ಅವಳ ಅಭಿಪ್ರಾಯ. ಅದರಲ್ಲಿ ಅರ್ಧದಷ್ಟು ಸತ್ಯವಿದೆ.

ನಾನು ಕಣ್ಣಿನ ಡಾಕ್ಟರು. ಮನೆ ಖೂಬಾ ಪ್ಲಾಟ್‌ನಲ್ಲಿ, ಸಣ್ಣದೊಂದು ಆಸ್ಪತ್ರೆ ಸೇಡಂ ರಸ್ತೆಯಲ್ಲಿ. ಕಣ್ಣಿನ ಪೊರೆ ತೆಗೆದು ಮಸೂರ ಕೂಡಿಸುವುದು ನನ್ನ ಕೆಲಸ. ಮೂವತ್ತು ವರ್ಷದಿಂದ ಅದನ್ನೇ ಮಾಡಿದ್ದೇನೆ, ಬೇರೆ ಏನೂ ನೆಟ್ಟಗೆ ಮಾಡಲು ಬರುವುದಿಲ್ಲ. ಗಾಲ್ಫ್ ಕಲಿತದ್ದು ಹೈದರಾಬಾದಿನಲ್ಲಿ ತರಬೇತಿಯಲ್ಲಿದ್ದಾಗ. ಅಲ್ಲಿಯ ಹಿರಿಯ ಡಾಕ್ಟರೊಬ್ಬರಿಗೆ ಆಡಲು ಜೊತೆ ಸಿಗುತ್ತಿರಲಿಲ್ಲ, ನನಗೆ ಅವರ ಮಾತಿಗೆ ಇಲ್ಲ ಅನ್ನುವ ಧೈರ್ಯ ಇರಲಿಲ್ಲ. ಹಾಗೆ ಒತ್ತಾಯಕ್ಕೆ ಹಿಡಿದ ಕೋಲು ಕೈಗೆ ಅಂಟಿಕೊಂಡಿತು.

ನನ್ನ ಜೊತೆ ಆಡುವವರಿಗೆ ಜಗತ್ ವೃತ್ತದ ಹತ್ತಿರ ಹಾರ್ಡ್‌ವೇರ್ ಅಂಗಡಿ ಇದೆ. ಪೈಪು, ನಲ್ಲಿ, ಬಣ್ಣದ ಡಬ್ಬಿ, ಮೊಳೆ, ಎಲ್ಲ ಅಲ್ಲಿ ಸಿಗುತ್ತದೆ. ನಾನು ಅವರನ್ನು ಭಾಯಿ ಎನ್ನುತ್ತೇನೆ, ಅವರು ನನ್ನನ್ನು ಡಾಕ್ಟರ್ ಸಾಬ್ ಎನ್ನುತ್ತಾರೆ. ವಯಸ್ಸಿನಲ್ಲಿದ್ದಾಗ ಅವರು ಕೊಲ್ಲಿ ದೇಶದಲ್ಲಿ ಎಣ್ಣೆ ಕಂಪನಿಯೊಂದರ ಗೋದಾಮು ನೋಡಿಕೊಳ್ಳುತ್ತಿದ್ದರು. ಅಲ್ಲಿಯ ಸಾಹೇಬರು ಮರಳುಗಾಡಿನಲ್ಲೇ ಗಾಲ್ಫ್ ಆಡುತ್ತಿದ್ದರಂತೆ. ಭಾಯಿ ಆಟವನ್ನೂ ಕಲಿತರು, ಮರಳಿನಲ್ಲಿ ಅಂಗಳ ಮಾಡುವುದನ್ನೂ ಕಲಿತರು. ಊರಿಗೆ ಬಂದು ಅಂಗಡಿ ಹಾಕಿದ ಮೇಲೆ ಅವೆರಡೂ ಉಪಯೋಗಕ್ಕೆ ಬರದೆ ಬಿದ್ದಿದ್ದವು. ಒಂದು ದಿನ ಕನ್ನಡಕದ ನಂಬರು ಬದಲಿಸಲು ಬಂದವರು ನನ್ನ ಕೋಣೆಯ ಮೂಲೆಯಲ್ಲಿ ಒರಗಿಸಿಟ್ಟ ಕೋಲನ್ನು ನೋಡಿ ಕನ್ನಡಕದ ಮಾತೇ ಮರೆತರು.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು. ದೂರದಿಂದ ಬೀಸಿ ಹೊಡೆದ ಚೆಂಡು ಕುಳಿಯ ಸುತ್ತಲಿನ ನುಣುಪು ಜಾಗಕ್ಕೆ ಬಂದ ಮೇಲೆ ಅದನ್ನು ನೆಲದ ಮೇಲೆಯೇ ಉರುಳಿಸಿ ಕುಳಿಗೆ ಹಾಕಬೇಕು. ಆ ಸಣ್ಣ ಹೊಡೆತಕ್ಕೆ ಪಟ್ ಎನ್ನುತ್ತಾರೆ, ಅದಕ್ಕೆಂದೇ ಇರುವ ಕೋಲಿಗೆ ಪಟರ್. ನೋಡುವವರಿಗೆ ಮಕ್ಕಳಾಟ. ನಮ್ಮಂಥ ಹವ್ಯಾಸಿಗಳ ಮಾನ ಹೋಗುವುದು ಅಲ್ಲೇ. ಭಾಯಿಯ ಸಂಬಂಧಿಕರೊಬ್ಬರು ಒಮ್ಮೆ ನಮ್ಮಿಬ್ಬರನ್ನೂ ಹೈದರಾಬಾದಿನ ಮೈದಾನಕ್ಕೆ ಅತಿಥಿಗಳಾಗಿ ಕರೆದುಕೊಂಡು ಹೋಗಿದ್ದರು. ದೂರದ ಹೊಡೆತದಲ್ಲಿ ನಾವು ಯಾರಿಗೂ ಕಡಿಮೆ ಇರಲಿಲ್ಲ. ಕುಳಿಯ ಹತ್ತಿರ ಬಂದ ಮೇಲೆ ಮಾತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಚೆಂಡು ದಾಟಿಸುತ್ತಾ ನಿಂತೆವು. ಜೊತೆಗಿದ್ದವರು ಮರ್ಯಾದಸ್ಥರು, ನಗಲಿಲ್ಲ, ಆಕಾಶ ನೋಡಿದರು. ಅದು ನಗುವುದಕ್ಕಿಂತ ಹೆಚ್ಚು ಉರಿಯಿತು.

ಅವತ್ತೇ ಊರಿಗೆ ಹೊರಟೆವು. ಹುಮನಾಬಾದ್ ದಾಟಿ, ಘಟ್ಟ ಇಳಿದು, ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವವರ ಹತ್ತಿರ ಕಾರು ನಿಲ್ಲಿಸಿದಾಗ ಭಾಯಿ ಒಂದು ಮಾತು ತೆಗೆದರು. ಅಲ್ಲೇ ಒಳಗೆ ಅವರಿಗೆ ಸ್ವಲ್ಪ ಜಮೀನು ಇತ್ತು. ಬಾಳೆ ತೋಟದ ಪಕ್ಕದ ಒಂದು ತುಂಡು ಕಲ್ಲು ಜಾಸ್ತಿ ಎಂದು ಬೀಳು ಬಿಟ್ಟಿದ್ದರು. ಅಲ್ಲೊಂದು ಬ್ರೌನ್ ಮಾಡೋಣ ಎಂದರು.

ಹುಲ್ಲಿನದು ಗ್ರೀನ್ ಆದರೆ ಮರಳಿನದು ಬ್ರೌನ್. ಕಲ್ಲು ಆರಿಸಿ, ಕೆಂಪು ಮಣ್ಣನ್ನು ರೋಲರ್ ಹಾಕಿ ಗಟ್ಟಿ ಮಾಡಿ, ಅದರ ಮೇಲೆ ಸಣ್ಣಗೆ ಜರಡಿ ಹಿಡಿದ ಮರಳನ್ನು ತೆಳ್ಳಗೆ ಹರವಬೇಕು. ಗಾಳಿಗೆ ಹಾರಿಹೋಗದ ಹಾಗೆ ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಬೆರೆಸಬೇಕು. ಕುಳಿಗೆ ಭಾಯಿಯ ಅಂಗಡಿಯ ಪೈಪಿನ ತುಂಡು ಕೊಯ್ದು ಹೂತೆವು. ಕೆಲಸ ಮುಗಿದಾಗ ಅದು ದೊಡ್ಡ ರೊಟ್ಟಿಯ ಹಾಗೆ ದುಂಡಗೆ, ಕಂದು ಬಣ್ಣಕ್ಕೆ ಬಿದ್ದುಕೊಂಡಿತ್ತು. ನನ್ನ ಅಂಗಿಗೆ ಹತ್ತಿದ ಎಣ್ಣೆ ಯಾವ ಸೋಪಿಗೂ ಹೋಗಲಿಲ್ಲ. ಆ ಅಂಗಿ ಈಗ ಮನೆಯಲ್ಲಿ ಸ್ಕೂಟರ್ ಒರೆಸುತ್ತದೆ.

ಮರಳಿಗೆ ಒಂದು ಗುಣ ಇದೆ. ಚೆಂಡು ಹೋದ ದಾರಿ ಅದರ ಮೇಲೆ ಗೆರೆಯಾಗಿ ಉಳಿಯುತ್ತದೆ. ಹುಲ್ಲಿನ ಮೇಲೆ ಚೆಂಡು ತಪ್ಪಿದರೆ ಗಾಳಿಯನ್ನು ಬೈಯಬಹುದು, ಇಳಿಜಾರನ್ನು ಬೈಯಬಹುದು. ಇಲ್ಲಿ ನೆಪ ನಡೆಯುವುದಿಲ್ಲ. ಪ್ರತಿ ಪಟ್ ಆದ ಮೇಲೆ ಹಲಗೆಗೆ ಸುತ್ತಿದ ಗೋಣಿತಟ್ಟನ್ನು ಹಗ್ಗದಿಂದ ಎಳೆದು ಮರಳನ್ನು ಮತ್ತೆ ನುಣುಪು ಮಾಡಬೇಕು. ಭಾಯಿ ಕೊಲ್ಲಿಯಿಂದ ತಂದ ಕಾನೂನು ಏನೆಂದರೆ, ಆಡಿದವನು ಗೋಣಿ ಎಳೆಯುವಂತಿಲ್ಲ, ಎದುರಿನವನು ಎಳೆಯಬೇಕು. ಎಳೆಯುವ ಮೊದಲು ಕುಕ್ಕರಗಾಲಲ್ಲಿ ಕೂತು ಗೆರೆ ಓದಿ, ಎಲ್ಲಿ ಕೆಟ್ಟಿತು ಎಂದು ಹೇಳಬೇಕು. ಆಡಿದವನು ಎದುರು ಮಾತಾಡಬಾರದು. ಮೂವತ್ತು ವರ್ಷ ರೋಗಿಗಳಿಗೆ ಎದುರು ಮಾತಾಡಬೇಡಿ ಎಂದು ಹೇಳಿಕೊಂಡು ಬಂದ ನನಗೆ ಈ ಕಾನೂನು ಕಷ್ಟವಾಯಿತು, ಆದರೆ ಅಭ್ಯಾಸವಾಯಿತು.

ವಾರದ ಉಳಿದ ದಿನ ಮನೆಯಲ್ಲಿ ಅಭ್ಯಾಸ. ನಮ್ಮ ಮನೆಯ ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು ಹಾಸಿದ್ದಾರೆ. ಫರಸಿಯ ಸಂದಿಗೆ ಬಂದ ಚೆಂಡು ಜಿಗಿದು ದೇವರ ಕೋಣೆಗೆ ಹೋಗುತ್ತಿತ್ತು. ಹೆಂಡತಿ ಚೆಂಡನ್ನು ಕಾಲಿನಿಂದ ಹೊರಗೆ ತಳ್ಳಿ, ಒಂದು ಹಳೆ ಜಮಖಾನೆ ಕೊಟ್ಟಳು. ಅದರ ಮೇಲೆ ಗೌಂಡಿಯವರು ಗೋಡೆ ಕಟ್ಟುವಾಗ ಹಿಡಿಯುವ ದಾರವನ್ನು ನೆಟ್ಟಗೆ ಬಿಗಿದು, ಪಟರ್ ಹಿಂದೆ ಮುಂದೆ ಆಡುವಾಗ ಅದೇ ದಾರದ ಕೆಳಗೆ ಇರುವ ಹಾಗೆ ನೋಡಿಕೊಳ್ಳುತ್ತಿದ್ದೆ. ಎರಡು ಸ್ಟೀಲ್ ಲೋಟ ಇಟ್ಟು, ಅವುಗಳ ನಡುವೆ ಪಟರಿನ ತಲೆ ಹಾಯುವಷ್ಟೇ ಜಾಗ ಬಿಡುತ್ತಿದ್ದೆ. ಲೋಟ ಸಪ್ಪಳ ಮಾಡಿದರೆ ಹೊಡೆತ ಸೊಟ್ಟಗಾಗಿದೆ ಎಂದು ಅಡುಗೆಮನೆಗೂ ಗೊತ್ತಾಗುತ್ತಿತ್ತು.

ಹವ್ಯಾಸಿ ಮಾಡುವ ದೊಡ್ಡ ತಪ್ಪು ಎಂದರೆ ದೂರದಿಂದ ಶುರು ಮಾಡುವುದು. ಕುಳಿಯ ಬಾಯಿಗೇ ಚೆಂಡಿಟ್ಟು, ಒಳಗೆ ಬೀಳುವ ಸದ್ದಿಗೆ ಕಿವಿ ಪಳಗಿದ ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಯಬೇಕು. ದೂರದ ಪಟ್‌ಗೆ ಕುಳಿಯನ್ನು ಗುರಿ ಮಾಡುವುದೇ ತಪ್ಪು. ಭಾಯಿ ಕುಳಿಯ ಸುತ್ತ ಹಳೆ ಸ್ಕೂಟರ್ ಟೈರ್ ಇಟ್ಟು, ಅದರ ಒಳಗೆ ಬಂದರೆ ಸಾಕು ಎನ್ನುತ್ತಿದ್ದರು. ಎಷ್ಟು ಜೋರು ಬೇಕು ಎಂದು ತಿಳಿಯದಿದ್ದರೆ ಮೊದಲು ಬರಿಗೈಯಲ್ಲಿ ಚೆಂಡು ಉರುಳಿಸಿ ನೋಡಬೇಕು, ಕೈಗೆ ದೂರ ತಿಳಿಯುತ್ತದೆ. ಪಟರನ್ನು ಬಿಗಿಯಾಗಿ ಹಿಡಿಯಬಾರದು. ನಾನು ಆಪರೇಷನ್ನಿನಲ್ಲಿ ಚಿಮಟ ಹಿಡಿಯುವಷ್ಟೇ ಹಗುರವಾಗಿ ಹಿಡಿಯುತ್ತೇನೆ ಎಂದು ಭಾಯಿಗೆ ಜಂಬ ಕೊಚ್ಚಿದ್ದೆ. ಇಷ್ಟೆಲ್ಲ ಮಾಡಿದ ಮೇಲೆ ಇಬ್ಬರೂ ನಿಜವಾಗಿ ಸುಧಾರಿಸಿದೆವು. ನಾನು ಸುಳ್ಳು ಹೇಳಿದರೂ ಮರಳು ಹೇಳುವುದಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಕೊಕ್ಕೆ ಕಾಣಿಸಿಕೊಂಡಿತು.

ಮೂರು ಅಡಿಯ ಪಟ್. ನಾನು ಕಣ್ಣು ಮುಚ್ಚಿ ಹಾಕುತ್ತಿದ್ದ ದೂರ. ಹೊಡೆಯುವ ಗಳಿಗೆಗೆ ಬಲಗೈ ಮಣಿಕಟ್ಟಿನಲ್ಲಿ ಏನೋ ಒಂದು ಜಗ್ಗಿದ ಹಾಗಾಯಿತು. ಚೆಂಡು ಕುಳಿಯ ಬಲಕ್ಕೆ ಹೋಯಿತು. ಭಾಯಿ ಕೂತು ಗೆರೆ ನೋಡಿದರು. ಗೆರೆಯ ಮೊದಲಲ್ಲೇ, ಚೆಂಡು ಹೊರಟ ಜಾಗದಲ್ಲಿ, ಪಟರ್ ಮರಳನ್ನು ಗೀಚಿ ಒಂದು ಸಣ್ಣ ಕೊಕ್ಕೆ ಬರೆದಿತ್ತು. ಅವರು ಅದನ್ನು ಬೆರಳಿಟ್ಟು ತೋರಿಸಿ ಗೋಣಿ ಎಳೆದರು. ಮುಂದಿನದರಲ್ಲೂ ಕೊಕ್ಕೆ. ಮುಂದಿನ ಭಾನುವಾರವೂ ಕೊಕ್ಕೆ. ದೂರದ ಪಟ್‌ನಲ್ಲಿ ಇಲ್ಲ, ಹತ್ತಿರ ಬಂದಷ್ಟೂ ಖಾತ್ರಿ. ದಾರ ಕಟ್ಟಿ ನೋಡಿದೆ, ಹಿಡಿತ ಬದಲಿಸಿದೆ, ಎಡಗೈ ಕೆಳಗೆ ಇಟ್ಟೆ. ಭಾಯಿ ಬೇರೆ ಪಟರ್ ತಂದುಕೊಟ್ಟರು. ಅದೂ ಕೊಕ್ಕೆಯನ್ನೇ ಬರೆಯಿತು.

ಆಟದಲ್ಲಿ ಕೈ ಜಗ್ಗಿದರೆ ಚೆಂಡು ತಪ್ಪುತ್ತದೆ, ಅಷ್ಟೇ. ನಾನು ಅದೇ ಕೈಯನ್ನು ಸೋಮವಾರ ಬೆಳಿಗ್ಗೆ ಒಬ್ಬರ ಕಣ್ಣಿನೊಳಗೆ ಇಡುತ್ತೇನೆ. ಪೊರೆಯ ಹಿಂದಿನ ತೆಳು ಪದರ ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗಿರುತ್ತದೆ. ಅಲ್ಲಿ ಕೊಕ್ಕೆ ಬಿದ್ದರೆ ಗೋಣಿ ಎಳೆದು ಅಳಿಸಲು ಬರುವುದಿಲ್ಲ. ನನಗೆ ಭಯವಾಯಿತು. ಬೇರೆ ಮಾತಿನಲ್ಲಿ ಹೇಳಿ ದೊಡ್ಡದು ಮಾಡುವುದಕ್ಕೂ ಇಲ್ಲ, ಚಿಕ್ಕದು ಮಾಡುವುದಕ್ಕೂ ಇಲ್ಲ, ಭಯವೇ.

ಹೈದರಾಬಾದಿನಲ್ಲಿ ನರರೋಗ ತಜ್ಞನಾಗಿರುವ ನನ್ನ ಸಹಪಾಠಿಯ ಹತ್ತಿರ ಹೋದೆ. ಅವನು ಕೈ ಚಾಚಿಸಿದ, ಮೂಗು ಮುಟ್ಟಿಸಿದ, ಕಾಗದದ ಮೇಲೆ ಸುರುಳಿ ಬರೆಸಿದ. ಏನೂ ಸಿಗಲಿಲ್ಲ. ಕೆಲವರಿಗೆ ಒಂದೇ ಕೆಲಸದಲ್ಲಿ ಹೀಗೆ ಕೈ ಜಗ್ಗುತ್ತದೆ, ಬೇರೆ ಕೆಲಸದಲ್ಲಿ ಜಗ್ಗುವುದಿಲ್ಲ, ಆಟ ಬಿಟ್ಟುಬಿಡು ಎಂದ. ಆಪರೇಷನ್ ಮಾಡಲೇ ಎಂದು ಕೇಳಿದೆ. ಅದನ್ನು ನಿನ್ನ ಕೈಯನ್ನೇ ಕೇಳಬೇಕು ಎಂದು ನಕ್ಕ. ಅವನ ಮೇಲೆ ನನಗೆ ಇವತ್ತಿಗೂ ಸ್ವಲ್ಪ ಸಿಟ್ಟಿದೆ.

ಆಪರೇಷನ್ ಕೋಣೆಯಲ್ಲಿ ಕೈ ಒಮ್ಮೆಯೂ ಜಗ್ಗಲಿಲ್ಲ. ಕೆಟ್ಟದ್ದು ಬೇರೆ ರೀತಿಯಲ್ಲಿ. ನಾನು ಕಣ್ಣನ್ನು ನೋಡುವುದು ಬಿಟ್ಟು ಕೈಯನ್ನು ಕಾಯತೊಡಗಿದೆ. ಈಗ ಜಗ್ಗುತ್ತದೆ, ಈಗ ಜಗ್ಗುತ್ತದೆ ಎಂದು ಕಾಯುತ್ತಾ ಕೆಲಸ ನಿಧಾನವಾಯಿತು. ಹತ್ತಿರ ನಿಂತ ಸಿಸ್ಟರ್ ಗಡಿಯಾರ ನೋಡುವುದು ನನಗೆ ತಿಳಿಯುತ್ತಿತ್ತು. ಹೀಗೆ ಕೆಲಸ ಮಾಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಆಸ್ಪತ್ರೆಯಲ್ಲಿ ಒಬ್ಬ ಕಿರಿಯ ಡಾಕ್ಟರ್ ಇದ್ದಾಳೆ. ಒಳ್ಳೆಯ ಕೈ, ಕಡಿಮೆ ಮಾತು. ಆಪರೇಷನ್‌ಗಳನ್ನೆಲ್ಲ ಅವಳಿಗೆ ಒಪ್ಪಿಸಿ, ನಾನು ಹೊರಗೆ ಕೂತು ಕನ್ನಡಕದ ನಂಬರು ಬರೆಯತೊಡಗಿದೆ. ಹೆಂಡತಿಗೆ ನಿಜ ಹೇಳಿದೆ. ಅವಳು ಆ ದಿನ ಗಾಲ್ಫ್ ಬಗ್ಗೆ ಒಂದೂ ಚುಚ್ಚುಮಾತು ಆಡಲಿಲ್ಲ, ಅದರಿಂದ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ನನಗೆ ಅರ್ಥವಾಯಿತು.

ಕಮಲಾಪುರಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಕೊಕ್ಕೆ ಹೋಯಿತೇ ಎಂದು ನೋಡಲು ಅದೊಂದೇ ಜಾಗ ಇತ್ತು.

ಬೇಸಿಗೆ ಬರುವ ಹೊತ್ತಿಗೆ ಭಾಯಿಯ ಆಟವೂ ಕೆಟ್ಟಿತು. ಅವರ ದೂರದ ಪಟ್‌ಗಳು ಟೈರಿನ ಹತ್ತಿರವೂ ಬರುತ್ತಿರಲಿಲ್ಲ. ಬಿಸಿಲು ಏರಿದರೆ ಕಣ್ಣು ಕುಕ್ಕುತ್ತದೆ ಎಂದು ಬೇಗ ಮುಗಿಸೋಣ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಖುಷಿಯಿಂದ ಒಂದು ಸುದ್ದಿ ಹೇಳಿದರು. ಅವರಿಗೆ ಈಗ ಓದಲು ಕನ್ನಡಕ ಬೇಡವಂತೆ. ಬಣ್ಣದ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೂ ಬರಿಗಣ್ಣಲ್ಲಿ ಓದುತ್ತಾರಂತೆ. ಈ ವಯಸ್ಸಿನಲ್ಲಿ ಹೀಗಾದರೆ ಜನ ದೇವರ ದಯೆ ಎನ್ನುತ್ತಾರೆ. ಕಣ್ಣಿನ ಡಾಕ್ಟರಿಗೆ ಅದು ಬೇರೆಯೇ ಸುದ್ದಿ. ಒಂದು ಜಾತಿಯ ಪೊರೆ ಬೆಳೆಯುವಾಗ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಮಬ್ಬಾಗುತ್ತಾ ಹೋಗುತ್ತದೆ. ಮರುದಿನವೇ ಆಸ್ಪತ್ರೆಗೆ ಕರೆಸಿ ನೋಡಿದೆ. ಎರಡೂ ಕಣ್ಣಿನಲ್ಲಿ ಪೊರೆ ಕಂದು ಬಣ್ಣಕ್ಕೆ ತಿರುಗಿತ್ತು. ಬಲಗಣ್ಣಿನಲ್ಲಿ ಜಾಸ್ತಿ.

ತೆಗೆಯಬೇಕು, ಮೊದಲು ಬಲಗಣ್ಣು, ಕೆಲವು ವಾರ ಬಿಟ್ಟು ಎಡಗಣ್ಣು ಎಂದೆ. ಅವರು ಯಾವತ್ತು ಬರಲಿ ಎಂದು ಕೇಳಿದರು. ನಮ್ಮ ಕಿರಿಯ ಡಾಕ್ಟರ್ ಮಾಡುತ್ತಾಳೆ, ಅವಳ ಕೈ ಬಹಳ ಛಲೋ ಇದೆ ಎಂದೆ. ಭಾಯಿ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಕಣ್ಣಿನ ಮಾದರಿಯನ್ನು ಕೈಗೆತ್ತಿಕೊಂಡು ತಿರುಗಿಸಿದರು.

“ಆ ಕೊಕ್ಕಿ ಸಲುವಾಗೇನ್ರಿ?” ಎಂದರು.

ಹೌದು ಎಂದೆ.

“ನನಗ ನಿಮ್ಮ ಕೈನೇ ಬೇಕ್ರಿ ಡಾಕ್ಟರ್ ಸಾಬ್. ಕೊಕ್ಕಿ ಇದ್ರೂ ಪರ್ವಾ ಇಲ್ಲ.”

“ನನಗ ಪರ್ವಾ ಅದ, ಭಾಯಿ. ಕಣ್ಣು ನಿಮ್ದದ.”

ಅವರು ಎದ್ದು ಹೋದರು. ಎರಡು ಭಾನುವಾರ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಅವರಿಗೆ ಬೇಜಾರಾಗಿತ್ತು, ನನಗೆ ಅದಕ್ಕಿಂತ ಹೆಚ್ಚಾಗಿತ್ತು. ಇಷ್ಟು ವರ್ಷ ನನ್ನ ಪರಿಚಯದ ಪ್ರತಿಯೊಬ್ಬರ ಕಣ್ಣನ್ನೂ ನಾನೇ ಮಾಡಿದ್ದೇನೆ, ನನ್ನ ಅತ್ತೆಯದ್ದೂ ಸೇರಿ. ಅತ್ತೆಯ ಕಣ್ಣಿಗೆ ಕೈ ಹಾಕುವ ಧೈರ್ಯ ಇದ್ದವನಿಗೆ ಗೆಳೆಯನ ಕಣ್ಣಿಗೆ ಇಲ್ಲದಾಯಿತು. ಕೊನೆಗೆ ಭಾಯಿಯ ಮನೆಯವರು ಫೋನು ಮಾಡಿ, ಇವರು ಅಂಗಡಿಯ ಮೆಟ್ಟಿಲು ತಪ್ಪಿ ಬಿದ್ದರು, ನೀವೇ ಬುದ್ಧಿ ಹೇಳಿ ಎಂದರು. ಹೋಗಿ ಹೇಳಿದೆ. ಮುಖ ಆ ಕಡೆ ಮಾಡಿಕೊಂಡೇ ಒಪ್ಪಿದರು.

ಕಿರಿಯ ಡಾಕ್ಟರ್ ಬಲಗಣ್ಣನ್ನು ಚೆನ್ನಾಗಿ ಮಾಡಿದಳು. ನಾನು ಗೋಡೆಗೆ ಆತು ನಿಂತು ಪರದೆಯ ಮೇಲೆ ನೋಡಿದೆ. ಒಂದು ಕಡೆ ನಾನಾಗಿದ್ದರೆ ಬೇರೆ ಥರ ಮಾಡುತ್ತಿದ್ದೆ ಅನ್ನಿಸಿತು, ಬಾಯಿ ಮುಚ್ಚಿಕೊಂಡೆ. ಮರುದಿನ ಪಟ್ಟಿ ಬಿಚ್ಚಿದಾಗ ಭಾಯಿ ಮೊದಲು ಗೋಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಿಮ್ಮ ಕೂದಲು ಇಷ್ಟು ಬೆಳ್ಳಗಾಗಿದ್ದು ಯಾವಾಗ ಎಂದು ಕೇಳಿದರು. ಪೊರೆ ತೆಗೆದ ಮೇಲೆ ಎಲ್ಲರೂ ಇಂಥದ್ದೇ ಏನಾದರೊಂದು ಹೇಳುತ್ತಾರೆ. ನಮ್ಮ ನಡುವಿನ ಬಿಗುವು ಅಲ್ಲಿಗೆ ಅರ್ಧ ಸಡಿಲವಾಯಿತು.

ಧೂಳಿಗೆ ಹೋಗಬಾರದು, ಬಗ್ಗಬಾರದು ಎಂದು ಅವರನ್ನು ಕೆಲವು ವಾರ ಮನೆಯಲ್ಲೇ ಕೂಡಿಸಿದೆ. ಮತ್ತೆ ಕಮಲಾಪುರಕ್ಕೆ ಹೋದಾಗ ಒಂದು ಮಳೆ ಬಿದ್ದು ಹೋಗಿತ್ತು. ಮರಳು ಅಲ್ಲಲ್ಲಿ ಗಟ್ಟಿಯಾಗಿತ್ತು, ಕೆದರಿ ಸರಿ ಮಾಡಿದೆವು. ಭಾಯಿ ಎಲ್ಲವನ್ನೂ ಹೊಸದಾಗಿ ನೋಡುತ್ತಿದ್ದರು. ಬಾಳೆಯ ಎಲೆ, ದೂರದ ಗುಡ್ಡ, ಕುಳಿಯ ಪೈಪಿನ ಅಂಚು. ಎಡಗಣ್ಣಿನ ಮೇಲೆ ಅಂಗೈ ಮುಚ್ಚಿ ಬರೀ ಬಲಗಣ್ಣಿಂದ ನೋಡುವುದು, ಆಮೇಲೆ ಬದಲಿಸುವುದು. ಹೊಸ ಕಣ್ಣು ಬಂದವರ ಚಾಳಿ ಅದು.

ನಾನು ಮೂರು ಅಡಿಯ ಪಟ್‌ಗೆ ನಿಂತೆ. ಭಾಯಿ ಮಾಮೂಲಿ ಹಾಗೆ ಎದುರಿನಲ್ಲಿ, ಗೋಣಿಯ ಹಗ್ಗ ಹಿಡಿದು ನಿಂತಿದ್ದರು. ಹೊಡೆದೆ. ಬಲಕ್ಕೆ ಹೋಯಿತು, ಕೊಕ್ಕೆ ಬಿತ್ತು. ಅವರು ಕೂತು ಗೆರೆ ಓದಲು ಬರಲಿಲ್ಲ. ನಿಂತಲ್ಲೇ ನನ್ನನ್ನು ನೋಡುತ್ತಿದ್ದರು. ಇನ್ನೊಂದು ಹೊಡೆಯಿರಿ ಎಂದರು. ಕಾನೂನು ಮುರಿದು, ಗೋಣಿ ಎಳೆಯದೆ, ಮತ್ತೊಂದು ಹೊಡೆಸಿದರು. ಆಮೇಲೆ ಇನ್ನೊಂದು.

“ಕೈ ಅಲ್ರಿ ಡಾಕ್ಟರ್ ಸಾಬ್,” ಎಂದರು. “ತಲಿ ಏಳಾಕತ್ತದ ನಿಮ್ದು.”

ನನಗೆ ತಿಳಿಯಲಿಲ್ಲ.

“ಚೆಂಡು ಹೋಗೋದಕ್ಕಿಂತ ಮೊದಲೇ ನೀವು ಕುಳಿ ಕಡಿ ನೋಡ್ತೀರಿ. ತಲಿ ಹಿಂದ ಹೆಗಲ ಬರ್ತದ, ಹೆಗಲ ಹಿಂದ ಕೈ ಬರ್ತದ. ಕೈಗೇನೂ ಆಗಿಲ್ರಿ.”

ನಾನು ನಂಬಲಿಲ್ಲ. ಅವರು ಹತ್ತಿರ ಬಂದು ತಮ್ಮ ಪಟರನ್ನು ತಿರುಗಿಸಿ, ಅದರ ಹಿಡಿಕೆಯನ್ನು ನನ್ನ ಹಣೆಗೆ ಆನಿಸಿ ಹಿಡಿದರು. ಹಿಡಿಕೆ ಬಿಟ್ಟು ಹಣೆ ಸರಿಯಬಾರದು, ಚೆಂಡು ಬಿದ್ದ ಸಪ್ಪಳ ಕೇಳಿದ ಮೇಲೆಯೇ ತಲೆ ಎತ್ತಬೇಕು ಎಂದರು. ಬಾಳೆಗೆ ನೀರು ಬಿಡಲು ಬಂದವರು ಯಾರಾದರೂ ಆಗ ನಮ್ಮನ್ನು ನೋಡಿದ್ದರೆ ಊರೆಲ್ಲ ಸುದ್ದಿ ಮಾಡುತ್ತಿದ್ದರು. ಹೊಡೆದೆ. ಪೈಪಿನೊಳಗೆ ಚೆಂಡು ಬಿದ್ದ ಸಪ್ಪಳ ಬಂತು. ಕೆಳಗೆ ನೋಡಿದರೆ ಗೆರೆಯ ಮೊದಲು ನೆಟ್ಟಗಿತ್ತು. ಮತ್ತೆ ಹೊಡೆದೆ. ನೆಟ್ಟಗೆ. ಅವರು ಹಿಡಿಕೆ ತೆಗೆದು, ಈಗ ಹೊಡೆಯಿರಿ ಎಂದರು. ನನ್ನ ತಲೆ ತಾನಾಗಿಯೇ ಎದ್ದಿತು, ಕೊಕ್ಕೆ ಬಂತು. ಎದ್ದದ್ದು ಈ ಸಲ ನನಗೂ ಗೊತ್ತಾಯಿತು.

ಗೋಣಿಯ ಮೇಲೆ ಕೂತುಬಿಟ್ಟೆ. ನಾವಿಬ್ಬರೂ ಇಷ್ಟು ತಿಂಗಳು ಮರಳನ್ನು ನೋಡಿದ್ದೆವು, ಆಡುವವನನ್ನು ನೋಡಿರಲಿಲ್ಲ. ಹುಲ್ಲಿನ ಮೇಲೆ ಆಡುವವರಾಗಿದ್ದರೆ ಬೇರೆ ಗುರುತು ಇಲ್ಲದೆ ಒಬ್ಬರನ್ನೊಬ್ಬರು ನೋಡಲೇಬೇಕಿತ್ತು. ನಮಗೆ ಗೆರೆ ಇತ್ತು, ಗೆರೆಯೇ ಎಲ್ಲ ಹೇಳುತ್ತದೆ ಎಂದುಕೊಂಡಿದ್ದೆವು. ಪೊರೆ ಇದ್ದಾಗ ಭಾಯಿಗೆ ಕೂತರೆ ಕೂದಲೆಳೆಯಷ್ಟು ಗೀಚೂ ಕಾಣುತ್ತಿತ್ತು, ನಿಂತರೆ ಎದುರಿನ ನನ್ನ ತಲೆ ಮಬ್ಬಾಗಿ ಕಾಣುತ್ತಿತ್ತು. ಇನ್ನು ಆಪರೇಷನ್ ಮಾಡುವಾಗ ನನ್ನ ಎರಡೂ ಕಣ್ಣು ಸೂಕ್ಷ್ಮದರ್ಶಕಕ್ಕೆ ಅಂಟಿರುತ್ತವೆ. ತಲೆ ಸ್ವಲ್ಪ ಸರಿದರೂ ಚಿತ್ರವೇ ಹೋಗುತ್ತದೆ, ಹಾಗಾಗಿ ಸರಿಯುವುದಿಲ್ಲ. ಕೊಕ್ಕೆಗೆ ಆ ಕೋಣೆಯೊಳಗೆ ಬರಲು ದಾರಿಯೇ ಇರಲಿಲ್ಲ. ಇದನ್ನು ನಾನು ಯೋಚಿಸಬಹುದಿತ್ತು. ಯೋಚಿಸಲಿಲ್ಲ, ಯಾಕೆಂದರೆ ಕೈ ಜಗ್ಗಿದ್ದು ನನಗೆ ಗೊತ್ತಿತ್ತು, ಗೊತ್ತಿದ್ದದ್ದನ್ನು ಯಾರೂ ಮತ್ತೆ ಪರೀಕ್ಷೆ ಮಾಡುವುದಿಲ್ಲ. ಸಂತೋಷವಾಯಿತು, ಅದರ ಬೆನ್ನಿಗೇ ವಿಪರೀತ ಸಿಟ್ಟು ಬಂತು. ಕಳೆದ ಅಷ್ಟೂ ತಿಂಗಳ ಮೇಲೆ ಸಿಟ್ಟು. ಭಾಯಿ ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ಕೂತರು.

“ಎಡಗಣ್ಣು ನೀವೇ ಮಾಡ್ರಿ,” ಎಂದರು.

ಅಲ್ಲೇ ಆಗಲಿ ಎನ್ನಲಿಲ್ಲ. ನನ್ನ ಕೈ ತಪ್ಪಿತಸ್ಥ ಅಲ್ಲ ಎಂದು ಹೊಲದಲ್ಲಿ ತೀರ್ಮಾನವಾದದ್ದು ಸರಿ. ಆದರೆ ನಾನು ಆ ಕೈಯನ್ನು ಕಾಯುವ ಚಟ ಹಚ್ಚಿಕೊಂಡಿದ್ದೆ, ಅದು ಹೋಗಿದೆಯೋ ಇಲ್ಲವೋ ಗೊತ್ತಿರಲಿಲ್ಲ. ನಮ್ಮ ವೃತ್ತಿಯಲ್ಲಿ ಹೊಸಬರು ಆಡಿನ ಕಣ್ಣಿನ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ನಾನೂ ಹೊಸಬನ ಹಾಗೆ ಮಟನ್ ಅಂಗಡಿಯಿಂದ ಆಡಿನ ಕಣ್ಣು ತರಿಸಿದೆ. ಕಿರಿಯ ಡಾಕ್ಟರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನನ್ನ ಕೆಲಸದಲ್ಲಿ ತಪ್ಪು ಕಂಡರೆ ಮುಲಾಜಿಲ್ಲದೆ ಹೇಳು ಎಂದೆ. ಅವಳು ಮುಲಾಜಿಲ್ಲದೆ ಎರಡು ಹೇಳಿದಳು. ಎರಡೂ ಹಳೆಯ ತಪ್ಪುಗಳು, ಕೊಕ್ಕೆಗೆ ಸಂಬಂಧ ಇಲ್ಲದವು. ಆಮೇಲೆ ಅವಳ ಜೊತೆಯಲ್ಲೇ ನಿಧಾನಕ್ಕೆ ರೋಗಿಗಳ ಆಪರೇಷನ್‌ಗೆ ಮರಳಿದೆ. ಕೆಲಸ ಸುಸೂತ್ರವಾಗಿ ಆಗುತ್ತಿತ್ತು, ಆದರೂ ನಡುನಡುವೆ ಕೈಯ ಕಡೆಗೆ ಮನಸ್ಸು ಹೋಗಿ ಬರುತ್ತಿತ್ತು. ಭಾಯಿಗೆ ಇದನ್ನೂ ಹೇಳಿದೆ. ಅವರು ಕೇಳಿಸಿಕೊಂಡು, ಗುರುವಾರ ಅಂಗಡಿಗೆ ರಜೆ ಹಾಕಿದ್ದೇನೆ, ಅವತ್ತೇ ಬರುತ್ತೇನೆ ಎಂದರು.

ಗುರುವಾರ ಬಂದರು. ಹಸಿರು ಬಟ್ಟೆ ಹೊದಿಸಿ, ಎಡಗಣ್ಣೊಂದನ್ನೇ ಹೊರಗೆ ಬಿಟ್ಟು ಸಿಸ್ಟರ್ ಸಿದ್ಧ ಮಾಡಿದ್ದಳು. ಈ ಆಪರೇಷನ್‌ನಲ್ಲಿ ರೋಗಿ ಎಚ್ಚರ ಇರುತ್ತಾನೆ, ಕಣ್ಣಿಗೆ ಹನಿ ಮದ್ದು ಬಿಟ್ಟು ಮರಗಟ್ಟಿಸುತ್ತೇವೆ ಅಷ್ಟೇ. ನಾನು ಕೂತು, ಸೂಕ್ಷ್ಮದರ್ಶಕ ಸರಿಮಾಡಿಕೊಂಡು, ಎಲ್ಲ ರೋಗಿಗಳಿಗೂ ಹೇಳುವ ಮಾತನ್ನೇ ಹೇಳಿದೆ.

“ತಲಿ ಅಲುಗಿಸಬ್ಯಾಡ್ರಿ, ಭಾಯಿ.”

“ನೀವೂ,” ಎಂದು ಬಟ್ಟೆಯ ಕೆಳಗಿನಿಂದ ಬಂತು.

ಸಿಸ್ಟರ್ ಮಾಸ್ಕಿನೊಳಗೇ ನಕ್ಕಳು. ನನಗೂ ನಗು ಬಂತು, ಅದು ನಿಲ್ಲುವವರೆಗೆ ಕಾದೆ. ಆಮೇಲೆ ಆ ಕಂದು ಪೊರೆ ಎದುರಿಗಿತ್ತು. ಇಷ್ಟು ತಿಂಗಳು ಭಾಯಿ ಅದರ ಹಿಂದಿನಿಂದ ನನ್ನನ್ನು ನೋಡಿದ್ದರು. ಬಹಳ ಗಟ್ಟಿಯಾಗಿತ್ತು, ಒಂದೊಂದೇ ಚೂರು ಮಾಡಿ ತೆಗೆಯಬೇಕಾಯಿತು. ಹಿಂದಿನ ಪದರ ಗಾಜಿನ ಹಾಗೆ ಸ್ವಚ್ಛವಾಗಿ ಉಳಿಯಿತು. ಮಸೂರ ಒಳಗೆ ಹೋಗಿ ತಾನಾಗಿ ಬಿಚ್ಚಿಕೊಂಡು ತನ್ನ ಜಾಗದಲ್ಲಿ ಕೂತಿತು. ಆಯ್ತು ಭಾಯಿ ಎಂದು ಹೇಳಿ, ಎದ್ದು, ಬಾಗಿಲ ಹತ್ತಿರ ಹೋಗಿ ಗ್ಲೌಸ್ ಎಳೆದು ತೆಗೆಯುವಾಗ ನನ್ನ ಬಲಗೈ ಕಣ್ಣಿಗೆ ಬಿತ್ತು. ಅದೊಂದಿದೆ ಎಂಬುದು ನನಗೆ ಅಲ್ಲಿಯವರೆಗೆ ನೆನಪೇ ಆಗಿರಲಿಲ್ಲ.